ತಂಗಿ ಮತ್ತೆ ಭಾರತದವಳಾದ ದಿನ

ನನ್ನ ತಂಗಿ ಗೌರಿಯ ಪೌರತ್ವದ ಕಾಗದವನ್ನು ಅವ್ವ ದೇವರ ಮುಂದಿಟ್ಟು ಕೈಮುಗಿದಳು. ಗಂಡನೊಂದಿಗೆ ರಂಗೂನಿಗೆ ಹೋಗಿ ಬರ್ಮಾದ ಪ್ರಜೆಯಾಗಿದ್ದ ಗೌರಿ, ಆತ ತೀರಿಕೊಂಡ ಮೇಲೆ ಹರಿಹರಕ್ಕೆ ಮರಳಿ, ವರ್ಷವೆಲ್ಲ ದಾವಣಗೆರೆ, ಚಿತ್ರದುರ್ಗದ ಕಚೇರಿಗಳಿಗೆ ಅಲೆದು ಮತ್ತೆ ಭಾರತದವಳಾಗಿದ್ದಳು. ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳು. ಅಷ್ಟು ವರ್ಷ ಅವ್ವನನ್ನು ನೋಡಿಕೊಂಡಿದ್ದ ನನಗೆ ಹೊಟ್ಟೆ ಉರಿಯಿತು.

“ಇಲ್ಲೇ ಇದ್ದೋಳಿಗೆ ಯಾರೂ ಸಕ್ಕರೆ ಹಂಚಲಿಲ್ಲ ನೋಡು” ಅಂದೆ.

“ಅಕ್ಕ, ನೀನು ಎಲ್ಲಿಯೋಳು ಅಂತ ಯಾರೂ ಕೇಳ್ಲಿಲ್ಲ. ನಾನು ಹುಟ್ಟಿದೂರಾಗ ಇರಾಕೂ ಅರ್ಜಿ ಹಾಕ್ಬೇಕಾತು” ಎಂದಳು ಗೌರಿ.

ಮುಂದಿನ ಚುನಾವಣೆಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿದ್ದೆವು. ಓಟಿನ ಚೀಟಿ ಹಿಡಿದ ಅವಳ ಕೈ ನಡುಗುತ್ತಿತ್ತು. ಮೂರು ಸಲ ಓಟು ಹಾಕಿದ್ದ ನನ್ನ ಕೈ ಒಮ್ಮೆಯೂ ಹಾಗೆ ನಡುಗಿರಲಿಲ್ಲ. ಆ ನಡುಕಕ್ಕೂ ನಾನು ಹೊಟ್ಟೆಕಿಚ್ಚುಪಟ್ಟೆ.