ಐದು ವರ್ಷದ ಮೇಷ್ಟ್ರು

ವಿಶ್ವವಿದ್ಯಾಲಯದ ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯದ ಕೋರ್ಸುಗಳು ಮುಂದೆ ಹೇಗಿರಬೇಕೆಂದು ಯೋಚಿಸುವ ಸಮಿತಿಗೆ ಈ ಮೇಷ್ಟ್ರೇ ಅಧ್ಯಕ್ಷರು. ಯಾರು ಏನು ಕೇಳಿದರೂ "ಇವತ್ತಿಂದು ಬಿಡಿ, ಐದು ವರ್ಷ ಆದ್ಮೇಲೆ ಏನು, ಅದನ್ನ ಹೇಳಿ" ಎನ್ನುವುದರಿಂದ ಎಲ್ಲರ ಬಾಯಲ್ಲೂ ಐದು ವರ್ಷದ ಮೇಷ್ಟ್ರು. ಸಭೆಗೆ ಅರ್ಧ ಗಂಟೆ ಮೊದಲೇ ಬಂದು ಕುರ್ಚಿಗಳನ್ನು ತಾವೇ ಸರಿಮಾಡುತ್ತಾರೆ, ಇನ್ನೂ ಪಾಯವನ್ನೇ ತೋಡದ ಕಟ್ಟಡದಲ್ಲಿ ಲಿಫ್ಟು ಎಲ್ಲಿರಬೇಕೆಂದು ತಲೆಕೆಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಮಗಳು "ಅಪ್ಪಾ, ಊಟಕ್ಕೆ ಏನ್ ಮಾಡ್ಲಿ?" ಎಂದರೂ ಒಂದು ಕರಡು, ಎರಡು ತಿದ್ದುಪಡಿ ಆಗದೆ ಉತ್ತರ ಹೊರಡುವುದಿಲ್ಲವಂತೆ. ಇಂಥವರೆದುರು ಮೊನ್ನೆ ರಿಜಿಸ್ಟ್ರಾರರು, "ಮನೇಲಿ ರೋಗಿಗಳನ್ನ ನೋಡ್ಕೊಳ್ಳೋದು ಕಲಿಸೋ ಕೋರ್ಸಿಗೆ ಹನ್ನೊಂದೇ ಜನ ಸಾರ್, ಮುಚ್ಚಿಬಿಡೋಣ" ಎಂದರು. ಮೇಷ್ಟ್ರು ಕರಡು ಓದುವಷ್ಟೇ ಸಮಾಧಾನದ ದನಿಯಲ್ಲಿ, "ನನ್ನ ಹೆಂಡತೀನ ಹಾಸಿಗೆಯಿಂದ ಎತ್ತಿ ಕೂರಿಸೋಕೆ ಹೋಗಿ ಎರಡು ಸಲ ಬೀಳಿಸಿದೀನಿ" ಎಂದರು. "ಆಮೇಲೆ ಆ ಕೋರ್ಸಿನ ಹುಡುಗಿಯೊಬ್ಬಳು ಮನೆಗೆ ಬಂದು, ಎಲ್ಲಿ ಕೈ ಕೊಟ್ಟು ಎತ್ತಬೇಕು ಅಂತ ತೋರಿಸಿಕೊಟ್ಟಳು. ನನ್ನ ಹೆಂಡತಿ ಕೊನೇವರೆಗೂ ಮತ್ತೆ ಬೀಳಲಿಲ್ಲ." ಕೋರ್ಸು ಉಳಿಯಿತು. ಈಗ ಪ್ರತಿ ಬುಧವಾರ ಮಧ್ಯಾಹ್ನ ಮೇಷ್ಟ್ರು ಆ ತರಗತಿಯ ಮಂಚದ ಮೇಲೆ ರೋಗಿಯಾಗಿ ಮಲಗುತ್ತಾರೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎತ್ತಿ ಕೂರಿಸುವಾಗ ಮೈಯನ್ನು ಪೂರ್ತಿ ಸಡಿಲ ಬಿಟ್ಟು, "ಅವಸರ ಬೇಡಮ್ಮ" ಎನ್ನುತ್ತಾರೆ, "ಈಗ ಎತ್ತುತ್ತೀನಿ ಅಂತ ಮೊದಲು ಮಲಗಿರೋರಿಗೊಂದು ಮಾತು ಹೇಳು."