ಆತಗೂರು ಅಂದರೆ ಎಂಟು ಮಕ್ಕಳು ಎದ್ದರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ಪ್ರೋಗ್ರಾಮ್ ಬರೆದವನು ನಾನು. ನನ್ನ ಹೆಸರೊಂದರಲ್ಲೇ ಟೆಸ್ಟ್ ಮಾಡಿ ಬೆನ್ನು ತಟ್ಟಿಕೊಂಡವನೂ ನಾನು. ನನ್ನ ಹೆಸರು ಮಧು. ಎರಡೇ ಅಕ್ಷರ. ಎಲ್ಲಿ ಎಡವುತ್ತೆ ಹೇಳಿ?

ನಮ್ಮಕ್ಕ ಮದ್ದೂರು ಕಡೆಯ ಒಂದು ಶಾಲೆಯಲ್ಲಿ ಟೀಚರ್. (ಮನೆಯಲ್ಲೂ ಟೀಚರ್ರೇ.) "ಈ ಸಲ ಬಹುಮಾನಕ್ಕೆ ನಿಮ್ಮ ಹೆಸರನ್ನು ಕಂಪ್ಯೂಟರೇ ಮೈಕಿನಲ್ಲಿ ಕರೆಯುತ್ತೆ" ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಬರೆದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಸಿದ್ಧವಿತ್ತು. ಪಟ್ಟಿಯಲ್ಲಿ ಹೆಸರು ಒತ್ತಿದರೆ ನನ್ನ ಪ್ರೋಗ್ರಾಮ್ ಅದನ್ನು ಎಬ್ಬಿಸಿ, ಹೆಸರು ಕೊಟ್ಟು 'ಕೂಗು' ಅನ್ನಬೇಕು. ಅಷ್ಟೇ ಕೆಲಸ.

ಬಹುಮಾನದ ದಿನ ಬಂತು. ಓಟದಲ್ಲಿ ಫಸ್ಟ್ ಬಂದವಳ ಹೆಸರು ಒತ್ತಿದೆ: ಆತಗೂರು ದೊಡ್ಮನೆ ಚಂದನ.

"ಆತಗೂರು!" ಅಂದಿತು ಮೈಕು. ಆಮೇಲೆ ಮೌನ.

ಆ ಊರಿನ ಎಂಟು ಮಕ್ಕಳು ಒಟ್ಟಿಗೆ ಎದ್ದು ವೇದಿಕೆ ಹತ್ತಿದರು!

ಸಾಫ್ಟ್‌ವೇರ್ ಎಬ್ಬಿಸುವ ಆದೇಶವನ್ನೂ ಹೆಸರನ್ನೂ ಒಂದೇ ಉದ್ದ ಸಾಲಾಗಿ ಅಂಟಿಸಿ ಕಳಿಸಿದ್ದೆ. ಕಂಪ್ಯೂಟರ್ ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ, ಒಬ್ಬಳನ್ನೇ ಮೂರು ತುಂಡು ಮಾಡಿತ್ತು. ಸಾಫ್ಟ್‌ವೇರ್ ಮೊದಲ ತುಂಡನ್ನಷ್ಟೇ ಕೂಗಿತು. ಊರು ಮೊದಲು, ಮನೆ ಆಮೇಲೆ, ಹೆಸರು ಕೊನೆಗೆ. ನಮ್ಮ ಕಡೆ ಜನರನ್ನು ಗುರುತಿಸುವುದೇ ಹಾಗಲ್ಲವೇ?

"ಮಿಮಿಕ್ರಿ ಮಾಡ್ತೀಯಲ್ಲ, ನೀನೇ ಮಿಸಿನ್ ತರ ಕೂಗ್ಬುಡ್ಲಾ" ಎಂದ ಮೈಕ್‌ಸೆಟ್ ಕೆಂಪಣ್ಣ. ಮೂಗಿನಲ್ಲಿ ಪ್ರಯತ್ನಿಸಿದೆ. "ಅದು ಮಧಣ್ಣ!" ಎಂದು ಇಡೀ ಶಾಲೆ ನಕ್ಕಿತು.

ಇನ್ನೊಂದು ಅಡ್ಡದಾರಿ ಹೊಳೆಯಿತು. "ಬರೀ ಚಂದನ ಅಂತ ಹಾಕಲಾ?" ಎಂದು ಆ ಹುಡುಗಿಯನ್ನೇ ಕೇಳಿದೆ.

ಅವಳ ಮುಖ ಬಾಡಿತು. "ಬ್ಯಾಡ ಕಣಣ್ಣ. ಓದ್ ವರ್ಸ ಅಂಗೇ ಕೂಗುದ್ರು. ಬೆಸಗರಳ್ಳಿ ಚಂದನ ಓಗಿ ನನ್ ಕಪ್ಪು ಈಸ್ಕೊಂಡ್ಲು. ಇವತ್ತು ನಮ್ಮಜ್ಜಿ ಕೇಳಕ್ಕೇ ಬಂದದೆ."

ಮುಂದಿನ ಸಾಲಿನಲ್ಲಿ ಅಜ್ಜಿ ಕಿವಿ ಮುಂದೆ ಮಾಡಿ ಕೂತಿದ್ದರು. ಇನ್ನು ತಮಾಷೆ ಸಾಕು ಅನ್ನಿಸಿತು.

"ಐದು ನಿಮಿಷ" ಎಂದು ಲ್ಯಾಪ್‌ಟಾಪ್ ಮುಂದೆ ಕೂತೆ. ಅಂಟಿಸಿದ ಸಾಲು ಕಿತ್ತೆಸೆದೆ. ಬೇರೆ ಬೇರೆಯಾಗಿ ಕೊಟ್ಟೆ: ಇದು ಓಡಿಸಬೇಕಾದ ಸಾಫ್ಟ್‌ವೇರ್, ಇದು ಹೆಸರು, ಇಡಿಯಾಗಿ ಒಂದೇ, ಒಳಗೆ ಎಷ್ಟು ಖಾಲಿ ಜಾಗವಿದ್ದರೂ ಕತ್ತರಿ ಹಾಕಬೇಡ. ಬದಲಾಗಿದ್ದು ಒಂದೇ ಸಾಲು. (ಅದಕ್ಕೆ ಬೆವರಿದ್ದು ಎರಡು ಕರ್ಚೀಫು.)

ಒತ್ತಿದೆ.

"ಆತಗೂರು ದೊಡ್ಮನೆ ಚಂದನ!"

ಶೀಟಿನ ಚಾವಣಿ ಅದುರಿತು. ಅಜ್ಜಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೆಸಗರಹಳ್ಳಿ ಚಂದನಳೇ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದಳು. ಆಮೇಲೆ ನಲವತ್ತು ಹೆಸರು, ಒಂದೂ ಮುರಿಯಲಿಲ್ಲ.

ನಾನು ಕಾಲರ್ ಎತ್ತಿಕೊಂಡು, ಕಪ್ ಹಿಡಿದು ಬಂದ ಚಂದನಳಿಗೆ ಹೇಳಿದೆ: "ನೋಡ್ದಾ? ನಿನ್ನ ಹೆಸರನ್ನ ಹೆಂಗೆ ಸರಿ ಮಾಡ್ಬುಟ್ಟೆ!"

ಅವಳು ನಿಲ್ಲಲೂ ಇಲ್ಲ. ಅಜ್ಜಿಯತ್ತ ಓಡುತ್ತಲೇ ಅಂದಳು: "ನನ್ನೆಸ್ರು ಮದ್ಲಿಂದ್ಲೂ ಸರಿಯಾಗೇ ಇತ್ತು ಕಣಣ್ಣ, ರಿಪೇರಿ ಆಗಿದ್ದು ನಿನ್ ಪ್ರೋಗ್ರಾಮು!"