ಕರೆಂಟಿಗೆ ಸೂಟು ತೆಗೆದ ಈಶಪ್ಪ

ಕೊಪ್ಪಳದ ಹತ್ತಿ ವ್ಯಾಪಾರಿ ಈಶಪ್ಪ ತನ್ನ ಮೀಸೆಯನ್ನು ಪಣಕ್ಕಿಟ್ಟದ್ದು ತಂಗಿ ಪಂಪಮ್ಮನ ಮಗಳ ಮದುವೆಯಲ್ಲಿ. ಸಾವಿರದ ಒಂಬೈನೂರ ನಲವತ್ತರ ಆಸುಪಾಸು; ತಂಗಿಯ ಊರು ಇರಕಲ್ಲಗಡದಲ್ಲಿ ಯಾರ ಮನೆಯಲ್ಲೂ ಕರೆಂಟು ಇರಲಿಲ್ಲ. ಗಂಗಾವತಿಯ ಬೀಗರು ಅಕ್ಕಿ ವ್ಯಾಪಾರದವರು, ಮಾತಿನಲ್ಲಿ ಜೋರು. ಊಟದ ಹಂದರಕ್ಕೆ ಪೆಟ್ರೋಮ್ಯಾಕ್ಸ್ ದೀಪ ಎಷ್ಟು ತರಿಸುತ್ತೀರಿ ಎಂದು ಅವರು ಕೇಳಿದ್ದೇ ತಡ, ಈಶಪ್ಪ ಒಂದೂ ಇಲ್ಲ, ಎಲ್ಲ ಕರೆಂಟು, ಹಂದರದೊಳಗೆ ಪೆಟ್ರೋಮ್ಯಾಕ್ಸ್ ಬಂದರೆ ಮೀಸೆ ಬೋಳಿಸುತ್ತೇನೆ ಎಂದುಬಿಟ್ಟ.

ಅವನ ಹತ್ತಿ ಬಿಡಿಸುವ ಜಿನ್ನಿನ ಡೈನಮೋ, ಎಂಜಿನ್ನು, ಎಂಜಿನ್ನು ನಡೆಸುವ ಅಬ್ದುಲಸಾಬ, ಮೂರೂ ಬಂಡಿಯ ಮೇಲೆ ಬಂದವು. ಡೈನಮೋ ಮಾರಿದವನು ಹೇಳಿಕೊಟ್ಟ ಗಣಿತವನ್ನು ಈಶಪ್ಪ ಅಂಗಡಿಯ ಲೆಕ್ಕಕ್ಕೆ ತಿರುಗಿಸಿಕೊಂಡಿದ್ದ. ವೋಲ್ಟು ಎಂದರೆ ಧಾರಣೆ, ಆಂಪಿಯರ್ ಎಂದರೆ ತೂಕ, ಎರಡನ್ನೂ ಗುಣಿಸಿದರೆ ಬರುವ ವ್ಯಾಟು ಮಾಲಿನ ಬೆಲೆ. ಧಾರಣೆಯನ್ನು ತೂಕದಿಂದ ಭಾಗಿಸಿದರೆ ಓಮ್, ಅಂದರೆ ಗಿರಾಕಿಯ ಹಟ. ನೂರಾಹತ್ತು ವೋಲ್ಟಿಗೆ ಬಲ್ಬು ಒಂದು ಆಂಪಿಯರ್ ಎಳೆದರೆ ಅದರ ಹಟ ನೂರಾಹತ್ತು ಓಮ್. ಡೈನಮೋ ತಾಳುವುದು ಇಪ್ಪತ್ತು ಆಂಪಿಯರ್. ಮೇಲೆ ಹೋದರೆ ಫ್ಯೂಜಿನ ತಂತಿ ಕರಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿಯೇ.

ಇಪ್ಪತ್ತು ಬಲ್ಬು ಹಚ್ಚಿದಾಗ ಮೀಟರಿನ ಮುಳ್ಳು ಇಪ್ಪತ್ತಕ್ಕೆ ನಿಂತಿತು. ಆದರೆ ತೂಕ ಎಂದ ಮೇಲೆ ಸೂಟು ತೆಗೆಯದಿದ್ದರೆ ಅವನೆಂಥ ವ್ಯಾಪಾರಿ? ರೈತನ ಮಾಲಿನ ತೂಕದಲ್ಲಿ ಚೀಲಕ್ಕೆ ಇಷ್ಟು, ಹಸಿಗೆ ಇಷ್ಟು, ಕಸಕ್ಕೆ ಇಷ್ಟು ಎಂದು ಕಳೆದೇ ಕೈ ಪಳಗಿತ್ತು. ಐದು ಸೂಟು ಹೋಗಿ ಹದಿನೈದು ಉಳಿಯಿತು, ಇನ್ನೂ ಐದು ಬಲ್ಬು ಕಟ್ಟು ಎಂದ.

"ಸಾವಕಾರ್ರ, ಮುಳ್ಳು ಇಪ್ಪತ್ತು ತೋರಸ್ತೈತ್ರಿ," ಎಂದ ಅಬ್ದುಲಸಾಬ.

"ತೋರಸ್ಲಿ ಬಿಡೊ. ರೈತನ ಚೀಲಾನೂ ತೋರಸ್ತೈತಿ."

ಇಪ್ಪತ್ತೈದು ಬಲ್ಬಿನ ಬೆಳಕಿನಲ್ಲಿ ಪಂಕ್ತಿ ಕೂತಿತು. ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಹಂದರ ಕತ್ತಲಾಯಿತು. ತುಪ್ಪ ವರನ ಸೋದರಮಾವನ ರುಮಾಲಿಗೆ ಬಿತ್ತು. ಹೊರಗೆ ಬೀಗರ ಕಡೆಯವನೊಬ್ಬ ಕದ್ದುಮುಚ್ಚಿ ತಂದಿದ್ದ ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯತೊಡಗಿದ. ಈಶಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. ಅಬ್ದುಲಸಾಬ ಹೊಸ ಫ್ಯೂಜು ಕಟ್ಟಿ, ಎಷ್ಟು ಬಲ್ಬು ಬಿಚ್ಚಲಿ ಎಂದು ಕೇಳಿದ. ಒಂದೂ ಬೇಡ, ಲೆಕ್ಕ ಸರಿ ಇದೆ, ತಂತಿಯೇ ಖೊಟ್ಟಿ ಎಂದ ಈಶಪ್ಪ. ವರನ ತಾಯಿ ವಿರೂಪಾಕ್ಷಮ್ಮ ಕತ್ತಲಲ್ಲೇ ಬಂದು ಲೆಕ್ಕ ಕೇಳಿದಳು.

"ಎಷ್ಟು ಸೂಟು ತಗದ್ರಿ, ಬೀಗರ?"

"ಐದ್ರಿ, ಅಕ್ಕಾರ. ಚೀಲಕ್ಕ ಒಂದು, ಹಸಿಗಿ ಎರಡು, ಕಸಕ್ಕ ಎರಡು."

"ಕರೆಂಟಿನ್ಯಾಗ ಹಸಿ ಎಲ್ಲಿಂದ ಬಂತ್ರಿ? ನೀರು ಮುಟ್ಟಿಸಬ್ಯಾಡ್ರಿ ಅಂತ ನೀವ ಹೇಳೀರಿ."

ಎರಡು ಬಿಟ್ಟುಕೊಟ್ಟ. ಕಸಕ್ಕೆ ವಾದಿಸಿದ: ಜಿನ್ನಿನಲ್ಲಿ ಎಷ್ಟು ಧೂಳು ಗೊತ್ತೇ ಎಂದ. ಧೂಳು ಡೈನಮೋದ ಮೈಮೇಲಿದೆ, ಮಾಲಿನಲ್ಲಿಲ್ಲ ಎಂದಳು. ಅದೂ ಹೋಯಿತು. ಪೆಟ್ರೋಮ್ಯಾಕ್ಸಿನ ಸದ್ದು ಹತ್ತಿರವಾಗುತ್ತಿತ್ತು. ಈಶಪ್ಪ ಎಂಜಿನ್ನಿನ ಬದಿಗೆ ಸುತ್ತಿಟ್ಟಿದ್ದ ಬಟ್ಟೆ ಹೊದಿಕೆಯ ತಂತಿಯನ್ನು ಅವಳ ಕೈಗೆ ಕೊಟ್ಟ.

"ಇದರ ಮ್ಯಾಲ ಅರಿವಿ ಸುತ್ಯಾರ, ಮುಟ್ಟಿ ನೋಡ್ರಿ. ಇದು ಚೀಲ ಅಲ್ಲೇನ್ರಿ?"

ಅವಳು ಬೆರಳಲ್ಲಿ ಉಜ್ಜಿ ನೋಡಿದಳು. "ಚೀಲ ಖರೆ. ಒಂದು ತಗೋರಿ. ಗಂಗಾವತ್ಯಾಗೂ ಕೊಡ್ತೀವಿ."

ಅಬ್ದುಲಸಾಬ ತಡಕಾಡಿ, ಹೋದ ನಾಲ್ಕು ಸೂಟಿಗೆ ನಾಲ್ಕು ಬಲ್ಬು ಬಿಚ್ಚಿದ. ಹಂದರ ಝಗ್ಗೆಂದಿತು. ಅಷ್ಟರಲ್ಲಿ ಹಂದರದ ಬಾಗಿಲಿಗೆ ಬಂದಿದ್ದ ಪೆಟ್ರೋಮ್ಯಾಕ್ಸನ್ನು ವಿರೂಪಾಕ್ಷಮ್ಮನೇ ಎತ್ತು ಕಟ್ಟಿದ ಕಡೆಗೆ ಅಟ್ಟಿದಳು. ವ್ಯವಹಾರ ಕುದುರಿದ ಮೇಲೆ ಮಾತು ತಪ್ಪುವ ಮನೆತನ ಅವಳದಲ್ಲ. ಒಂದು ಆಂಪಿಯರ್ ಹೆಚ್ಚಾದದ್ದನ್ನು ಫ್ಯೂಜು ಹೇಗೋ ತಡೆದುಕೊಂಡಿತು.

ಆದರೂ ಪಂಕ್ತಿಗೆ ಮರಳುವ ಮುನ್ನ ಅವಳು ಮೀಟರಿನ ಮುಂದೆ ಬಗ್ಗಿ ನೋಡಿದಳು. ಮುಳ್ಳು ಇಪ್ಪತ್ತೊಂದರಲ್ಲಿತ್ತು.

"ಸೂಟು ಹೋಗಿ ಇಪ್ಪತ್ತು. ಸರಿ ಐತಿ," ಎಂದು ಹೋಳಿಗೆಗೆ ಕೂತಳು.